ಬಾಂಡ್ ಟ್ಯೂನ್ ಕೀಬೋರ್ಡಿನಲ್ಲಿ ಏಕೆ ಸಪ್ಪೆ?

ಪ್ರಶ್ನೆ: ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್‌ಗಳಲ್ಲಿ ನುಡಿಸುವ ಸಣ್ಣ ಆರ್ಕೆಸ್ಟ್ರಾ ನಮ್ಮದು. ಈ ಸಲ ಅಣ್ಣಾವ್ರ ಸಿ.ಐ.ಡಿ. 999 ಚಿತ್ರಗಳ ಹಾಡುಗಳಿಗೆ ಮುಂಚೆ ಜೇಮ್ಸ್ ಬಾಂಡ್ ಟ್ಯೂನ್ ಹಾಕಬೇಕು ಅಂತಿದ್ದೇವೆ. ಸ್ವರ ಎಲ್ಲ ಸರಿಯಾಗಿ ಬೀಳುತ್ತೆ, ಆದರೂ ಮೊಬೈಲ್ ರಿಂಗ್‌ಟೋನ್ ಥರ ಕೇಳುತ್ತೆ. ಏನು ಕೊರತೆ? ಆ ಟ್ಯೂನಿಗೂ ನಮ್ಮ ದೇಶಕ್ಕೂ ನಂಟಿದೆ ಅಂತಾನೆ ನಮ್ಮ ಗಿಟಾರ್ ಹುಡುಗ, ನಿಜವೇ? ‘ಮಿಷನ್ ಇಂಪಾಸಿಬಲ್’ ಟ್ಯೂನಿಗಂತೂ ನಮ್ಮ ರಿದಮ್ ಪ್ಯಾಡ್ ಹೊಂದುತ್ತಲೇ ಇಲ್ಲ.
– ಓದುಗರು, ತುಮಕೂರು

ಉತ್ತರ: ನೀವು ಬಲಗೈ ಕೆಲಸ ಮಾತ್ರ ಮಾಡುತ್ತಿದ್ದೀರಿ ಅಂತ ನನ್ನ ಅನುಮಾನ. ಆ ಟ್ಯೂನಿನ ಗುಟ್ಟೆಲ್ಲ ಎಡಗೈಯಲ್ಲಿದೆ.

ಮೂಲ ಶ್ರುತಿ ಇ ಮೈನರ್. ಇ ಯನ್ನು ಷಡ್ಜ ಅಂದುಕೊಳ್ಳಿ. ಗಿಟಾರಿನ ಆ ಪ್ರಸಿದ್ಧ ಸಾಲು ಶುರುವಾಗುವುದು ಸ, ರಿ, ಗ ಮೂರೇ ಸ್ವರಗಳಲ್ಲಿ. ಅಷ್ಟನ್ನೇ ನುಡಿಸಿದರೆ ಯಾವ ಪತ್ತೇದಾರನೂ ಬರುವುದಿಲ್ಲ. ಅದರ ಕೆಳಗೆ ಇನ್ನೊಂದು ಎಳೆ ಹರಿಯುತ್ತಿರುತ್ತದೆ: ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಮತ್ತೆ ಶುದ್ಧ ಧೈವತ. ಕೀಬೋರ್ಡಿನಲ್ಲಿ ಬಿ, ಸಿ, ಸಿ ಶಾರ್ಪ್, ಸಿ. ನಮ್ಮ ಭೈರವಿಯಲ್ಲೂ ಎರಡು ಧೈವತಗಳಿವೆ, ಆದರೆ ಏರುವಾಗ ಒಂದು, ಇಳಿಯುವಾಗ ಇನ್ನೊಂದು. ಇಲ್ಲಿ ಎರಡೂ ಅಕ್ಕಪಕ್ಕ ನಿಂತು ಬೆಕ್ಕಿನ ಹಾಗೆ ಅರ್ಧರ್ಧ ಹೆಜ್ಜೆ ಇಡುತ್ತವೆ. ಯಾರೋ ಹಿಂದೆ ಬರುತ್ತಿದ್ದಾರೆ ಅನ್ನಿಸುವುದು ಅದರಿಂದಲೇ. ಈ ಎಳೆಯನ್ನು ಎಡಗೈಗೆ ಕೊಡಿ. ಇ ಯನ್ನು ಬೇಸ್ ಹಿಡಿದಿರಲಿ.

ಕೊನೆಯ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ಇನ್ನೂ ಮುಖ್ಯ. ಇ, ಜಿ, ಬಿ, ಡಿ ಶಾರ್ಪ್, ಎಫ್ ಶಾರ್ಪ್ ಒಟ್ಟಿಗೆ ಒತ್ತಿ. ಕೀರವಾಣಿ ರಾಗದ ಸ ಗ ಪ ನಿ, ಮೇಲೆ ರಿ. ಕಾಕಲಿ ನಿಷಾದ ಷಡ್ಜಕ್ಕೆ ಸೇರದೆ ಹಾಗೇ ತೂಗಾಡುತ್ತದೆ. ಬಹಳ ಜನ ಇಲ್ಲಿ ಸಾದಾ ಮೈನರ್ ಕಾರ್ಡ್ ಒತ್ತಿ ಕೈ ತೊಳೆದುಕೊಳ್ಳುತ್ತಾರೆ. ಕಥೆ ಅಲ್ಲಿಗೇ ಮುಗಿದುಹೋಗುತ್ತದೆ!

ಇನ್ನು ಟೋನ್. 1962ರ ‘ಡಾಕ್ಟರ್ ನೋ’ ಚಿತ್ರಕ್ಕೆ ಅದನ್ನು ನುಡಿಸಿದ ವಿಕ್ ಫ್ಲಿಕ್, ಗಟ್ಟಿ ಪ್ಲೆಕ್ಟ್ರಮ್ (ಮೀಟುವ ಬಿಲ್ಲೆ) ಹಿಡಿದು, ತಂತಿಗಳು ಕೂರುವ ಬ್ರಿಜ್ ಹತ್ತಿರ ಮೀಟಿದ್ದು. ಆದ್ದರಿಂದ ಆ ಸಾಲನ್ನು ನಿಮ್ಮ ಗಿಟಾರ್ ಹುಡುಗನಿಗೇ ಬಿಟ್ಟುಕೊಡಿ, ದಪ್ಪ ತಂತಿಯಲ್ಲಿ ನುಡಿಸಲಿ. ನೀವು ಬ್ರಾಸ್ ಟೋನ್ ಇಟ್ಟುಕೊಳ್ಳಿ. ದಯವಿಟ್ಟು ಕೀಬೋರ್ಡಿನ ಸ್ಟ್ರಿಂಗ್ಸ್ ಟೋನ್ ಹಿಂದೆ ಹಾಸಬೇಡಿ, ಎಲ್ಲ ಮುಚ್ಚಿಹೋಗುತ್ತದೆ.

ಹುಡುಗ ಹೇಳಿದ್ದು ಸುಳ್ಳಲ್ಲ. ಟ್ಯೂನ್ ಮಾಂಟಿ ನಾರ್ಮನ್ ಅವರದು. ವಿ.ಎಸ್. ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯನ್ನು ಸಂಗೀತ ನಾಟಕ ಮಾಡುವ ಯೋಚನೆ ಇತ್ತು. ಟ್ರಿನಿಡಾಡಿನ ಭಾರತೀಯ ಕುಟುಂಬಗಳ ಕಥೆ ಅದು. ಅದಕ್ಕೆಂದು ನಾರ್ಮನ್ ಮಾಡಿದ್ದ ಹಾಡೊಂದಕ್ಕೆ ಭಾರತೀಯ ಛಾಯೆ ಇತ್ತು. ನಾಟಕ ರಂಗಕ್ಕೆ ಬರಲಿಲ್ಲ, ಧಾಟಿ ಬಾಂಡ್‌ನ ಪಾಲಾಯಿತು. ಜಾಝ್ ಮೇಳದ ಅಬ್ಬರ ಕೊಟ್ಟವರು ಜಾನ್ ಬ್ಯಾರಿ. ಟ್ಯೂನೇ ಬ್ಯಾರಿಯದು ಅಂತ ಬರೆದ ಪತ್ರಿಕೆಯೊಂದರ ಮೇಲೆ ನಾರ್ಮನ್ ಹೂಡಿದ ಮಾನನಷ್ಟ ಮೊಕದ್ದಮೆ 2001ರಲ್ಲಿ ಅವರ ಕಡೆಗೇ ಆಯಿತು. ನನ್ನ ಕಿವಿಗೆ ಮಾತ್ರ ಬ್ಯಾರಿ ಇಲ್ಲದ ಆ ಟ್ಯೂನ್ ಅರ್ಧ ಟ್ಯೂನೇ.

ನಮ್ಮ 999ರ ಕಡೆ ಬಂದರೆ, 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ವರೆಗೆ ದೊರೆ–ಭಗವಾನ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ನಿಮ್ಮ ಮಗ್ಗುಲಿನ ಗುಬ್ಬಿಯ ಕಂಪನಿಯಲ್ಲಿ ಪಳಗಿದ ನಟ ಕೋಟು ತೊಟ್ಟು ‘ಇಫ್ ಯು ಕಮ್ ಟುಡೇ’ ಹಾಡಿದ್ದು ಈ ಕೊನೆಯ ಚಿತ್ರದಲ್ಲೇ. ಬಾಂಡ್ ಟ್ಯೂನಿನ ಕೊನೆಯ ಕಾರ್ಡ್ ಆರುವ ಮುಂಚೆಯೇ ಇದನ್ನು ಎತ್ತಿಕೊಳ್ಳಿ, ಶಿಳ್ಳೆ ಗ್ಯಾರಂಟಿ.

‘ಮಿಷನ್ ಇಂಪಾಸಿಬಲ್’ ಕಥೆ ಸುಲಭ. 1966ರ ಟಿ.ವಿ. ಧಾರಾವಾಹಿಗೆ ಲಾಲೊ ಶಿಫ್ರಿನ್ ಮಾಡಿದ ಆ ಟ್ಯೂನ್ ಐದರ ಲೆಕ್ಕದ್ದು. ಪ್ಯಾಡಿನಲ್ಲಿ ನಾಲ್ಕರ ಲೂಪ್ ಓಡುತ್ತಿದ್ದರೆ ಜನ್ಮದಲ್ಲಿ ಹೊಂದುವುದಿಲ್ಲ. ಲೂಪ್ ಆಫ್ ಮಾಡಿಸಿ, ‘ತಕಿಟ ತಕಿಟ ತಕ ತಕ’ ಅಂತ ಬಾಯಲ್ಲಿ ಹೇಳಿಸಿ. ಹತ್ತು ಮಾತ್ರೆ, ಖಂಡದ (ಐದು ಮಾತ್ರೆಯ) ಎರಡರಷ್ಟು. ಊರಲ್ಲಿ ಮೃದಂಗದವರು ಯಾರಾದರೂ ಗೊತ್ತಿದ್ದರೆ ಪ್ಯಾಡ್ ಹುಡುಗನನ್ನು ಒಂದು ಸಂಜೆ ಅವರ ಹತ್ತಿರ ಕೂರಿಸಿ.