ಕೆಟ್ಟು ನಿಂತ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋಗುವ) ಗಾಡಿಯನ್ನು ಯಾರಾದರೂ ನಗದು ಕೊಟ್ಟು ಕೊಳ್ಳುತ್ತಾರೆಯೇ?

ಖಂಡಿತ ಕೊಳ್ಳುತ್ತಾರೆ. ಎಂಜಿನ್ ಸೀಜ್ ಆಗಿ ತಿರುಗದಂತಾಗಿರಲಿ, ಮುಂಭಾಗ ನಜ್ಜುಗುಜ್ಜಾಗಿರಲಿ, ಇಂಥ ಗಾಡಿಗೆ ಬೆಲೆ ಇದ್ದೇ ಇದೆ. ಏಕೆಂದರೆ ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಓಡುವ ಗಾಡಿಯಲ್ಲ, ಅದರೊಳಗಿನ ಬಿಡಿಭಾಗಗಳು.

ಸಾಮಾನ್ಯ ಕಾರಿನಲ್ಲಿರುವುದಕ್ಕಿಂತ ಹೆಚ್ಚು ದುಬಾರಿ ಭಾಗಗಳು ಇದರಲ್ಲಿವೆ. ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮುಂದೊಂದು ಹಿಂದೊಂದು, ಭಾರ ತಡೆಯುವ ಆಕ್ಸಲ್‌ಗಳು. ಎಂಜಿನ್ ಕೈಕೊಟ್ಟರೂ ಇವು ಎಷ್ಟೋ ಸಲ ಚೆನ್ನಾಗಿಯೇ ಉಳಿದಿರುತ್ತವೆ. ಆ ಮಾಡೆಲ್‌ನ ತಯಾರಿಕೆ ನಿಂತುಹೋಗಿ ಹೊಸ ಬಿಡಿಭಾಗ ಸಿಗದಂತಾಗಿದ್ದರೆ, ಅದೇ ಗಾಡಿ ಇಟ್ಟುಕೊಂಡವರು ಹಳೆಯದನ್ನೇ ಹುಡುಕಬೇಕು. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಪ್ಲಾಟಿನಂ, ಪಲೇಡಿಯಂನಂಥ ಬೆಲೆಬಾಳುವ ಲೋಹಗಳೂ ಇರುತ್ತವೆ.

ಆದ್ದರಿಂದ ಬರೀ ಕಬ್ಬಿಣದ ತೂಕಕ್ಕೆ ಗುಜರಿಗೆ ಹಾಕಬೇಡಿ, ಅದು ನಿಜಕ್ಕೂ ನಷ್ಟ. ಯಾವುದು ಕೆಟ್ಟಿದೆ, ಯಾವುದು ಸರಿಯಿದೆ ಎಂದು ಫೋಟೋ ಸಮೇತ ತಿಳಿಸಿ ಮೂರ್ನಾಲ್ಕು ಕಡೆ ಬೆಲೆ ಕೇಳಿ. ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ತುಕ್ಕು ಹಿಡಿದಿದ್ದರೆ ಅದನ್ನೂ ಹೇಳಿಬಿಡಿ. ಹೇಳದಿದ್ದರೆ, ಕೊಳ್ಳುವವರು ಬಂದು ನೋಡಿದ ಮೇಲೆ ಬೆಲೆ ಇಳಿಸಲು ಅದೇ ನೆಪವಾಗುತ್ತದೆ. ಮಾರುವ ಮುಂಚೆ ದೊಡ್ಡ ರಿಪೇರಿ ಮಾಡಿಸಿದರೆ ಹಾಕಿದ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಎಳೆದೊಯ್ಯುವ ಖರ್ಚು ಯಾರದೆಂದು ಮೊದಲೇ ಮಾತಾಡಿಕೊಳ್ಳಿ.

ಕಾಗದಪತ್ರ ಮಾತ್ರ ಮರೆಯಬೇಡಿ. ದುಡ್ಡು ಕೈಸೇರಿದರೂ ನೋಂದಣಿ ನಿಮ್ಮ ಹೆಸರಿನಲ್ಲೇ ಉಳಿದರೆ, ಮುಂದೆ ಆ ಗಾಡಿಯ ದಂಡ, ತೆರಿಗೆಯ ನೋಟಿಸು ನಿಮ್ಮ ಮನೆಗೇ ಬರಬಹುದು. ಮಾರಾಟದ ರಸೀದಿ ಬರೆಸಿಕೊಂಡು, ಹೆಸರು ವರ್ಗಾವಣೆ ಅಥವಾ ನೋಂದಣಿ ರದ್ದತಿ ಪೂರ್ತಿ ಮುಗಿಸಿ.