‘ದಿ ಗ್ರೇಟ್ ಇಂಡಿಯನ್ ಕಿಚನ್’: ಹೊಡೆತ ಬಡಿತ ಇಲ್ಲದ ಮನೆಯನ್ನು ಅವಳು ಬಿಟ್ಟಿದ್ದೇಕೆ?

ಈ ಮಲಯಾಳಂ ಸಿನಿಮಾದ ಹೊಸ ಸೊಸೆಗೆ ಗಂಡ ಹೊಡೆಯುವವನಲ್ಲ, ಅತ್ತೆಯೂ ಒಳ್ಳೆಯವಳೇ, ಮತ್ತೆ ಮನೆ ಬಿಟ್ಟು ಹೋಗುವಂಥದ್ದೇನಾಯಿತು, ಅರ್ಧ ಸಿನಿಮಾ ಬರೀ ತರಕಾರಿ ಹೆಚ್ಚುವುದೇ ಯಾಕೆ ಎಂದು ಕೇಳಿದ್ದೀರಿ. ಇನ್ನೊಮ್ಮೆ ನೋಡುವುದಾದರೆ ಮಾತುಕತೆ ಬಿಟ್ಟು ಸಿಂಕಿನ ಕೆಳಗಿನ ಪೈಪಿನ ಮೇಲೆ ಕಣ್ಣಿಡಿ. ನಿರ್ದೇಶಕ ಜಿಯೋ ಬೇಬಿ ಕಥೆಯನ್ನು ಕಟ್ಟಿರುವುದು ಅದರ ಸುತ್ತಲೇ.

ಆ ಪೈಪು ಸೋರುತ್ತದೆ. ಇಂಥ ಸೋರಿಕೆ ಸಾಮಾನ್ಯವಾಗಿ ದೊಡ್ಡ ರಿಪೇರಿಯಲ್ಲ. ಸಿಂಕಿನ ತೂತಿಗೆ ಕೂರುವ ಕಪ್ಲಿಂಗಿಗೂ ಕೆಳಗಿನ ಪೈಪಿಗೂ ನಡುವೆ ರಬ್ಬರ್ ವಾಷರ್ ಇರುತ್ತದೆ. ಬಿಸಿಗಂಜಿ, ಎಣ್ಣೆಜಿಡ್ಡು ಬಿದ್ದೂ ಬಿದ್ದೂ ಅದು ಗಡುಸಾಗಿ ಬಿರಿಯುತ್ತದೆ, ಇಲ್ಲವೇ ನಟ್ ಸಡಿಲವಾಗುತ್ತದೆ. ಪ್ಲಂಬರ್ ಬಂದರೆ ಅರ್ಧ ಗಂಟೆಯ ಕೆಲಸ. ಅವಳು ಗಂಡನಿಗೆ ಹೇಳುತ್ತಾಳೆ, ನೆನಪಿಸುತ್ತಾಳೆ, ಅವನು ಮರೆಯುತ್ತಾನೆ. ಮರೆಯದೆ ಇನ್ನೇನು, ಆ ಸಿಂಕಿನ ಮುಂದೆ ಅವನು ನಿಲ್ಲುವುದೇ ಇಲ್ಲವಲ್ಲ. ಗೋಣಿತಾಟು ಹಾಸುವುದು, ಬಕೆಟ್ ಇಡುವುದು, ತುಂಬಿದ್ದನ್ನು ಹೊರಗೆ ಚೆಲ್ಲುವುದು ಎಲ್ಲ ಅವಳ ಪಾಲಿಗೆ. ಸಿಂಕಿನಿಂದ ಬೆರಳಲ್ಲಿ ಎತ್ತಿದ ಕೊಳಕು ರಾತ್ರಿ ಹಾಸಿಗೆಯಲ್ಲೂ ಅವಳ ಕಣ್ಣಮುಂದೆ ಬರುತ್ತದೆ. ಕೊನೆಗೆ ಗಂಡ, ಮಾವನ ಮೇಲೆ ಅವಳು ಎರಚುವುದೂ ಅದೇ ಮುಸುರೆ ನೀರನ್ನು.

ಮಾವ ದನಿ ಎತ್ತರಿಸುವವರೇ ಅಲ್ಲ. ಅನ್ನ ಕುಕ್ಕರಿನಲ್ಲಿ ಬೇಡ, ಸೌದೆ ಒಲೆಯಲ್ಲಾಗಲಿ. ಚಟ್ನಿ ಮಿಕ್ಸಿಯದ್ದು ಬೇಡ, ಕಲ್ಲಿನಲ್ಲಿ ಅರೆದದ್ದಿರಲಿ. ಬಟ್ಟೆ ಮೆಷಿನ್ನಿಗೆ ಹಾಕಬೇಡ. ಕೇಳುವುದಕ್ಕೆ ರುಚಿಯ ಮಾತು. ಕೆಲಸದ ಲೆಕ್ಕದಲ್ಲಿ ಏನಾಗುತ್ತದೆ ನೋಡಿ. ಕೇರಳದ ಕೆಂಪು ಅಕ್ಕಿ, ನಮ್ಮ ಕರಾವಳಿಯ ಕುಚ್ಚಲಕ್ಕಿಯ ಹಾಗೆಯೇ, ನಿಧಾನಕ್ಕೆ ಬೇಯುವಂಥದ್ದು. ಕುಕ್ಕರಾದರೆ ಸೀಟಿ ಕೂಗಿಸಿ ಮರೆಯಬಹುದು. ಒಲೆಯಾದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಅಷ್ಟು ಹೊತ್ತೂ ಹತ್ತಿರವೇ ಇರಬೇಕು. ಉರಿ ಜಾಸ್ತಿಯಾದರೆ ಗಂಜಿ ಉಕ್ಕಿ ಒಲೆ ಆರುತ್ತದೆ, ಕಡಿಮೆಯಾದರೆ ಊದುತ್ತಾ ಕೂರಬೇಕು. ಆಮೇಲೆ ಗಂಜಿ ಬಸಿಯುವುದು, ಬೂದಿ ತೆಗೆಯುವುದು, ಮಸಿ ಹಿಡಿದ ಪಾತ್ರೆಯ ತಳ ತಿಕ್ಕುವುದು. ಚಟ್ನಿ ಮಿಕ್ಸಿಯಲ್ಲಿ ಎರಡು ನಿಮಿಷ; ಕಲ್ಲಿನಲ್ಲಿ ಕಾಲು ಗಂಟೆ, ಮೇಲೆ ಕಲ್ಲು ತೊಳೆಯುವುದು ಬೇರೆ. ಮೂರು ಮೆಲು ಮಾತಿನಲ್ಲಿ ಅವಳ ದಿನದಿಂದ ಕಡಿಮೆಯೆಂದರೂ ಎರಡು ಗಂಟೆ ಹೋಯಿತು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರದು 97. ಅದೂ ಮನೆಗೆಲಸಕ್ಕೆ ಕೈ ಹಾಕುವವರ ಸರಾಸರಿ ಮಾತ್ರ. ಕೈಯನ್ನೇ ಹಾಕದ ಗಂಡಸರು ಈ 97ರೊಳಗೆ ಬರುವುದಿಲ್ಲ.

ಊಟದ ಮೇಜಿನ ದೃಶ್ಯ ಬಹಳ ಜನರ ಕಣ್ಣಿಗೆ ತಪ್ಪುತ್ತದೆ. ಮನೆಯಲ್ಲಿ ಅಗಿದ ನುಗ್ಗೆಕಾಯಿಯ ಸಿಪ್ಪೆಯನ್ನು ತಟ್ಟೆಯ ಪಕ್ಕಕ್ಕೆ ಉಗುಳುವ ಗಂಡ ಹೋಟೆಲಿನಲ್ಲಿ ಅಚ್ಚುಕಟ್ಟಾಗಿ ತಿನ್ನುತ್ತಾನೆ. ಅಂದರೆ ಗೊತ್ತಿಲ್ಲದೆ ಮಾಡುವುದಲ್ಲ. ಅದನ್ನು ಅವಳು ಎತ್ತಿ ಆಡಿದ್ದಕ್ಕೆ ಅವಳೇ ಕ್ಷಮೆ ಕೇಳಬೇಕಾಗುತ್ತದೆ! ಶಾಲೆಯಲ್ಲಿ ಅವನು ಪಾಠ ಮಾಡುವುದು ಕುಟುಂಬ ವ್ಯವಸ್ಥೆಯ ಬಗ್ಗೆ.

ಇನ್ನು ಮುಟ್ಟಿನ ಭಾಗ. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟು ಶಬರಿಮಲೆಗೆ ಎಲ್ಲ ವಯಸ್ಸಿನ ಹೆಂಗಸರೂ ಹೋಗಬಹುದೆಂದು 4:1 ಬಹುಮತದ ತೀರ್ಪು ಕೊಟ್ಟ ಮೇಲಿನ ಕೇರಳ ಅದು. ಗಂಡನೂ ಮಾವನೂ ಮಾಲೆ ಹಾಕಿದ ಮೇಲೆ ಅವಳು ಹೊರಗಾದರೆ ಮೂಲೆಯ ಕೋಣೆ, ನೆಲದ ಮೇಲೆ ಚಾಪೆ. ಅವಳ ಮುಟ್ಟಿನ ದಿನಗಳಲ್ಲಿ ಅಡುಗೆಗೆ ಬರುವ ಕೆಲಸದಾಕೆ ಉಷಾ ತನ್ನ ಮುಟ್ಟನ್ನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಕೂಲಿ ಹೋಗುತ್ತದೆ. ಮೈಲಿಗೆ ಅಂಟುವುದು ಗೊತ್ತಾದಾಗ ಮಾತ್ರ ಅಂತಾಯಿತು. ಸಿನಿಮಾ ಇದಕ್ಕೆ ಭಾಷಣ ಸೇರಿಸುವುದಿಲ್ಲ, ಅದು ನನಗೆ ಬಹಳ ಹಿಡಿಸಿತು.

ಅತ್ತೆ ಒಳ್ಳೆಯವಳು ಎಂದಿರಲ್ಲ, ನಿಜ. ಸ್ನಾತಕೋತ್ತರ ಪದವಿ ಪಡೆದ ಹೆಂಗಸು, ಮನೆಯಲ್ಲೇ ಉಳಿದಳು; ಅದನ್ನು ಮಾವ ಹೆಮ್ಮೆಯಿಂದ ಹೇಳುತ್ತಾರೆ. ಬೆಳಿಗ್ಗೆ ಅವರ ಕೈಗೆ ಬ್ರಷ್ ಕೊಡುತ್ತಿದ್ದವಳೂ ಅವಳೇ. ಮಗಳ ಬಾಣಂತನಕ್ಕೆಂದು ಅವಳು ಹೊರಟ ಮೇಲೆ ಇಬ್ಬರ ಕೆಲಸ ಒಬ್ಬಳ ಮೈಮೇಲೆ ಬೀಳುತ್ತದೆ. ಸೊಸೆ ಮನೆ ಬಿಡುವ ಕಾರಣ ಅಲ್ಲಿಂದಲೇ ಕೂಡುತ್ತಾ ಬರುತ್ತದೆ.

ಇಷ್ಟು ಹೊತ್ತು ಹೆಚ್ಚುವುದು, ತೊಳೆಯುವುದು ತೋರಿಸಿದ್ದು ಇದಕ್ಕೇ. ‘ಅವಳಿಗೆ ತುಂಬಾ ಕೆಲಸ’ ಎಂದು ಒಂದು ಸಂಭಾಷಣೆ ಬರೆದಿದ್ದರೆ ನೀವು ತಲೆಯಾಡಿಸಿ ಮುಂದೆ ಹೋಗುತ್ತಿದ್ದಿರಿ. ನಿಮಗೆ ಬೇಜಾರಾಯಿತು ಎಂದರೆ ನೂರೇ ನಿಮಿಷದಲ್ಲಿ ಅವಳ ಬೇಜಾರು ನಿಮ್ಮವರೆಗೆ ಬಂತು. ಕೇರಳ ರಾಜ್ಯ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ, ಚಿತ್ರಕಥೆಯ ಜತೆಗೆ ಶಬ್ದ ವಿನ್ಯಾಸಕ್ಕೂ ಬಹುಮಾನ ಬಂದದ್ದು ಸುಮ್ಮನಲ್ಲ. ಒಗ್ಗರಣೆಯ ಚಟಪಟ ಮೊದಲು ಬಾಯಲ್ಲಿ ನೀರೂರಿಸುತ್ತದೆ, ಇಪ್ಪತ್ತನೆಯ ಸಲಕ್ಕೆ ತಲೆಗೆ ಬಡಿಯುತ್ತದೆ. ಹೆಡ್‌ಫೋನ್ ಹಾಕಿಕೊಂಡೇ ನೋಡಿ.

ರೀಮೇಕ್ ಬಗ್ಗೆಯೂ ಕೇಳಿದ್ದೀರಿ. 2023ರ ತಮಿಳಿನದರಲ್ಲಿ ಐಶ್ವರ್ಯಾ ರಾಜೇಶ್, 2025ರ ಹಿಂದಿಯ ‘ಮಿಸೆಸ್’ನಲ್ಲಿ ಸಾನ್ಯಾ ಮಲ್ಹೋತ್ರಾ ಇದ್ದಾರೆ. ಹಿಂದಿಯದರಲ್ಲಿ ಗಂಡ ಸ್ತ್ರೀರೋಗ ತಜ್ಞ, ಅದು ಚುರುಕಾದ ಬದಲಾವಣೆ. ಆದರೆ ಶಬರಿಮಲೆ ಹೋಗಿ ಗಂಡನಿಗಾಗಿ ಹೆಂಡತಿ ಉಪವಾಸವಿರುವ ಕರ್ವಾ ಚೌತ್ ಬಂದಿದೆ, ಹಾಗಾಗಿ ಮೈಲಿಗೆಯ ಬಿಗಿ ಸಡಿಲವಾಗಿದೆ. ರೀಮೇಕಿಗೆ ಮೊದಲು ಮಲಯಾಳಂನದನ್ನೇ ಇನ್ನೊಮ್ಮೆ ನೋಡಿ, ಸಬ್‌ಟೈಟಲ್ ಸಾಕು; ಸೊಸೆಯಾಗಿರುವ ನಿಮಿಷಾ ಸಜಯನ್‌ಗೆ ಹೇಗಿದ್ದರೂ ಮಾತು ಕಡಿಮೆ.