ದಾಸ್ತಾನು ಇದೆ ಎಂದರೆ ಸಾಕೆ?

ಪ್ರತಿ ಮುಂಗಾರಿನಲ್ಲೂ ಗೊಬ್ಬರದ ದಾಸ್ತಾನು ಸಾಕಷ್ಟಿದೆ ಎಂಬ ಹೇಳಿಕೆ ಬರುತ್ತದೆ, ಆದರೂ ಬೆಳಗಿನ ಜಾವವೇ ಸೊಸೈಟಿಯ ಮುಂದೆ ಪಾಳಿ ಹಚ್ಚಬೇಕಾಗುತ್ತದೆ. ಕೊರತೆಯನ್ನು ಮೊದಲೇ ಅಳೆಯಲು ಬರುವುದಿಲ್ಲವೇ ಎಂದು ಹಾವೇರಿ ಜಿಲ್ಲೆಯ ರೈತರೊಬ್ಬರು ಕೇಳಿದ್ದಾರೆ.

ಮಾನ್ಯರೇ, ಅಳೆಯಲು ಬರುತ್ತದೆ. ಆದರೆ ಟನ್ನುಗಳ ಒಟ್ಟು ಮೊತ್ತದಿಂದಲ್ಲ. ಗೋವಿನಜೋಳ ಬಿತ್ತಿ ತಿಂಗಳಾಗುವ ಹೊತ್ತಿಗೆ ಮೇಲುಗೊಬ್ಬರ ಬೀಳಬೇಕು, ಅದೂ ಮಳೆ ಬಿದ್ದು ನೆಲ ಹಸಿಯಾಗಿರುವ ನಾಲ್ಕಾರು ದಿನಗಳಲ್ಲೇ ಬೀಳಬೇಕು. ಆ ದಿನಗಳಲ್ಲಿ ಇಡೀ ಊರಿಗೆ ಒಟ್ಟಿಗೇ ಯೂರಿಯಾ ಬೇಕಾಗುತ್ತದೆ. ಜಿಲ್ಲೆಯ ಲೆಕ್ಕದಲ್ಲಿರುವ ಗೊಬ್ಬರ ಗೂಡ್ಸ್ ರೈಲಿನಿಂದ ಚೀಲ ಇಳಿಸುವ ರೇಕ್ ಪಾಯಿಂಟಿನಲ್ಲೋ ದೂರದ ಗೋದಾಮಿನಲ್ಲೋ ಇದ್ದರೆ ನಿಮ್ಮ ಹೊಲದ ಮಟ್ಟಿಗೆ ಅದು ಇಲ್ಲದಂತೆಯೇ. ಆದ್ದರಿಂದ ಎಷ್ಟು ಟನ್ ಎಂಬುದಕ್ಕಿಂತ, ಹದದ ದಿನಗಳ ಬೇಡಿಕೆಗೆ ಈ ಸೊಸೈಟಿಯ ದಾಸ್ತಾನು ಎಷ್ಟು ದಿನ ಬಂದೀತು, ಮುಂದಿನ ಲೋಡು ಬರಲು ಎಷ್ಟು ದಿನ ಹಿಡಿದೀತು ಎಂದು ಕೇಳಬೇಕು. ಮೊದಲನೆಯದು ಎರಡನೆಯದಕ್ಕಿಂತ ಕಡಿಮೆಯಾದರೆ ಕೊರತೆ ಆಗಲೇ ಶುರುವಾಗಿದೆ.

ಎರಡನೆಯದಾಗಿ ಮೂಲವನ್ನು ನೋಡಬೇಕು. ಪೊಟ್ಯಾಷ್ ಪೂರ್ತಿ ಆಮದು. ರಂಜಕ (ಫಾಸ್ಫರಸ್), ಸಾರಜನಕ ಎರಡೂ ಇರುವ ಡಿಎಪಿ ಗೊಬ್ಬರದ ದೊಡ್ಡ ಪಾಲು ಹೊರದೇಶಗಳಿಂದ ಬರುತ್ತದೆ. ಇಲ್ಲೇ ತಯಾರಾಗುವ ಡಿಎಪಿಗೂ ರಂಜಕಾಮ್ಲ, ಅಮೋನಿಯಾಗಳು ಬಹುಮಟ್ಟಿಗೆ ಹಡಗಿನಲ್ಲೇ ಬರಬೇಕು. ಡಿಎಪಿ ಇಲ್ಲದಿದ್ದರೆ ಸೂಪರ್ ಫಾಸ್ಫೇಟ್ ಹಾಕಿ ಎನ್ನುತ್ತಾರೆ, ಸಲಹೆ ಒಳ್ಳೆಯದೇ. ಆದರೆ ಅದಕ್ಕೆ ಬೇಕಾದ ಶಿಲಾರಂಜಕದ (ರಾಕ್ ಫಾಸ್ಫೇಟ್) ಬಹುಪಾಲೂ ಆಮದೇ. ಮಂಗಳೂರಿನ ಪಣಂಬೂರಿನಲ್ಲಿರುವ ಗೊಬ್ಬರ ಕಾರ್ಖಾನೆ ನಮ್ಮ ರಾಜ್ಯದ್ದೇ ಆದರೂ ಅದರ ಯೂರಿಯಾಕ್ಕೆ ಬೇಕಾದ ನೈಸರ್ಗಿಕ ಅನಿಲ ಕೊಚ್ಚಿಯಿಂದ ಕೊಳವೆಯಲ್ಲಿ ಬರುತ್ತದೆ, ಕೊಚ್ಚಿಗೆ ಅದು ಹಡಗಿನಲ್ಲಿ ಬರುತ್ತದೆ. ನಾಲ್ಕು ಕಂಪನಿಗಳ ಚೀಲಗಳಿದ್ದರೂ ನಾಲ್ಕಕ್ಕೂ ಕಚ್ಚಾವಸ್ತು ಒಂದೇ ಸಮುದ್ರಮಾರ್ಗದಲ್ಲಿ ಬರುವುದಾದರೆ, ಅಪಾಯವನ್ನು ಅಳೆಯುವವನು ಅವನ್ನು ಒಂದೇ ಎಂದು ಎಣಿಸಬೇಕು. 2021ರ ಅಕ್ಟೋಬರಿನಲ್ಲಿ ಚೀನಾ ಗೊಬ್ಬರದ ರಫ್ತಿಗೆ ತಪಾಸಣೆಯ ಕಟ್ಟುಪಾಡು ಹಾಕಿತು. ಕೆಲವೇ ತಿಂಗಳಲ್ಲಿ, 2022ರ ಫೆಬ್ರುವರಿಯಲ್ಲಿ, ಉಕ್ರೇನ್ ಯುದ್ಧ ಶುರುವಾಗಿ ರಷ್ಯಾ, ಬೆಲಾರೂಸ್‌ಗಳ ಪೊಟ್ಯಾಷ್‌ಗೂ ತೊಡಕಾಯಿತು. ಎರಡು ಏಟು ಒಟ್ಟಿಗೆ ಬೀಳಲಾರವು ಎಂದುಕೊಂಡು ಹಾಕಿದ ಲೆಕ್ಕ ಆ ವರ್ಷ ಉಳಿಯಲಿಲ್ಲ.

ವದಂತಿಯಿಂದ ಜನ ಹೆಚ್ಚು ಕೊಳ್ಳುತ್ತಾರೆ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೋದ ವರ್ಷ ಬರಿಗೈಯಲ್ಲಿ ಮನೆಗೆ ಹೋದವನು ಈ ವರ್ಷ ಎರಡು ಚೀಲ ಹೆಚ್ಚು ಕೇಳುವುದು ತಪ್ಪಲ್ಲ. ಆ ಹೆಚ್ಚಿನ ಬೇಡಿಕೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕಾದದ್ದು ಇಲಾಖೆಯ ಕೆಲಸ. 2008ರ ಜೂನಿನಲ್ಲಿ ನಿಮ್ಮ ಹಾವೇರಿಯಲ್ಲೇ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ನಡೆದು ಪ್ರಾಣಹಾನಿಯಾಯಿತು. ಅದಾದ ಮೇಲೂ ರಾಜ್ಯದ ಒಟ್ಟು ಮೊತ್ತವನ್ನು ಓದಿ ಹೇಳುವುದನ್ನೇ ಉತ್ತರವೆಂದು ನಾನು ಒಪ್ಪಲಾರೆ.

ಕಳೆದ ಮೂರು ಮುಂಗಾರುಗಳಲ್ಲಿ ನಿಮ್ಮ ಸೊಸೈಟಿಗೆ ಯಾವ ದಿನ ಲೋಡು ಬಂತು, ಎಷ್ಟು ದಿನಕ್ಕೆ ಖಾಲಿಯಾಯಿತು ಎಂಬುದನ್ನು ದಯವಿಟ್ಟು ಬರೆದು ಕಳಿಸಿ. ಬೇರೆ ಊರಿನವರೂ ಕಳಿಸಲಿ, ಎಲ್ಲವನ್ನೂ ಜೋಡಿಸಿ ಬಿತ್ತನೆಗೆ ಮುನ್ನ ಪ್ರಕಟಿಸುತ್ತೇವೆ.

– ಸಂಪಾದಕ